ತಗ್ಗು ಬಾಗಿಲು

ಯಲಹಂಕದ ಹಳೇ ಬೀದಿಯಲ್ಲಿದ್ದ ನಮ್ಮ ಮನೆ ಕೆಡವಿ ತಿಂಗಳಾಗಿತ್ತು. ಅಮ್ಮ ಅರಿಶಿನ ಬಳಿಯುತ್ತಿದ್ದ ತಗ್ಗು ಬಾಗಿಲುವಾಡವೂ ಗುಜರಿಗೆ ಹೋಗಿತ್ತು. ಅಲ್ಲಿ ಮೂರಂತಸ್ತು ಕಟ್ಟಿದರೆ ಪಾರಂಪರಿಕ ಬೀದಿಯ ಅಂದ ಕೆಡುತ್ತದೆಂದು ನೆರೆಯವರ ತಕರಾರು. ಮಾತಾಡಿ ಮುಗಿಸೋಣವೆಂದು ಮಧ್ಯಾಹ್ನ ಎಲ್ಲರನ್ನೂ ಖಾಲಿ ಸೈಟಿಗೇ ಕರೆದೆ. ಬಂದವರೆಲ್ಲ ಬಾಗಿಲಿದ್ದ ಜಾಗದಲ್ಲಿ ತಲೆ ಬಗ್ಗಿಸಿಯೇ ಒಳಬಂದರು. ಹಳೇ ಅಭ್ಯಾಸ ಅಂದುಕೊಂಡೆ. ಉರಿಬಿಸಿಲಲ್ಲೂ ಕಾಲಡಿಯ ಮಣ್ಣು ತಣ್ಣಗಿತ್ತು.

"ಒಂದಂತಸ್ತು ಸಾಕು ಕಣಪ್ಪ," ಎಂದರು ಎದುರುಮನೆ ಮುನಿಕೆಂಪಮ್ಮ.

"ನನ್ ಜಾಗ, ನಾನ್ ಕಟ್ತೀನಿ ಕಣಮ್ಮ," ಎಂದು ರೇಗಿಬಿಟ್ಟೆ.

ಅಷ್ಟರಲ್ಲಿ ನಮ್ಮ ಹೊಸ ಇಂಜಿನಿಯರ್ ಸಿದ್ದಲಿಂಗ ಬಂದರು. ಆ ಮನೆಯನ್ನು ಅವರು ನೋಡಿದವರೇ ಅಲ್ಲ. ತಲೆ ಬಗ್ಗಿಸದೆ ನೆಟ್ಟಗೆ ಒಳಬರಹೋದವರು ಬಾಗಿಲಿದ್ದ ಜಾಗದಲ್ಲೇ ಗಕ್ಕನೆ ನಿಂತು ಹಣೆ ಹಿಡಿದುಕೊಂಡರು.

"ಏನ್ ಬಡೀತ್ರೀ ಇಲ್ಲಿ?"

ಕೈ ತೆಗೆದಾಗ ಹಣೆ ಊದಿತ್ತು. ಬೆರಳಿಗೆ ಹಸಿ ಅರಿಶಿನ ಮೆತ್ತಿತ್ತು.