ಕೊಂಡವಾಡದಲ್ಲಿ ಸತ್ತ ಎಮ್ಮೆ

ಸೋಮವಾರ ಮಧ್ಯಾಹ್ನ ಪೊಲೀಸರು ಕಾಳವ್ವನ ಎಮ್ಮೆಯನ್ನು ವಶಪಡಿಸಿಕೊಂಡರು. ಬಳಿಕ ಅದನ್ನು ಸರ್ಕಾರಿ ದನದ ದೊಡ್ಡಿಯಾದ ಕೊಂಡವಾಡದಲ್ಲಿ ಕೂಡಿ ಬೀಗ ಹಾಕಿದರು. ಮಂಗಳವಾರ ಬೆಳಿಗ್ಗೆ ಬೀಗ ತೆಗೆದಾಗ ಅದು ಸತ್ತು ಬಿದ್ದಿತ್ತು.

ವಸತಿ ಓಣಿಯಲ್ಲಿ ಪರವಾನಗಿಯಿಲ್ಲದೆ ಎಮ್ಮೆ ಸಾಕಬಾರದೆಂಬ ಹಳೆಯ ನಿಯಮವನ್ನು ಧಾರವಾಡವೇ ಮರೆತಿತ್ತು. ನೆರೆಮನೆಯ ಹಿಂಡಿ ವ್ಯಾಪಾರಿ ಬಸವಪ್ರಭು ಅದನ್ನು ಹುಡುಕಿ ತೆಗೆದು ದೂರು ಕೊಟ್ಟಿದ್ದ. ಪಿಎಸ್‌ಐ ಯಶೋಧರಾ ಜಾರಿ ಮಾಡಲೇಬೇಕಾಯಿತು.

"ಮೇಡಮ್, ಬಾನಿಯಾಗ ಹಿಂಡಿ ಐತ್ರಿ. ಬೆಳಿಗೆ ಹೊಡಿಯೋ ವಿಷದ ಎಣ್ಣಿ ವಾಸನಿ," ಎಂದ ಪೇದೆ ಹುಲಗಪ್ಪ. ಪಕ್ಕದಲ್ಲಿ ಬಸವಪ್ರಭುವಿನ ಅಂಗಡಿಯ ಚೀಲವಿತ್ತು.

ಬಾಗಿಲಲ್ಲಿ ಕಾಳವ್ವ ಕೂಗಿದಳು: "ಕಾಯ್ದೆ ತಂದಾಂವನ ವಿಷಾನೂ ತಂದಾನ್ರಿ! ಅವಂಗ ಬೇಡಿ ಹಾಕೂದು ನಾ ಕಣ್ಣಾರೆ ನೋಡಬೇಕು."

ಯಶೋಧರಾ ಬಗ್ಗಿ ಎಮ್ಮೆಯ ಕೆಚ್ಚಲನ್ನು ಮುಟ್ಟಿದಳು. ಅದು ಸಡಿಲವಾಗಿ ಜೋತುಬಿದ್ದಿತ್ತು.

"ಹುಲಗಪ್ಪ, ನಿನ್ನಿ ಸಂಜಿ ಹಾಲ ಹಿಂಡಿಸಿದ್ರೇನು?"

"ಯಾರನ್ನೂ ಒಳಗ ಬಿಟ್ಟಿಲ್ರಿ."

* * *

ಬಸವಪ್ರಭು ಯಶೋಧರಾಗೆ ಅಂಗಡಿಯಲ್ಲಿ ಸಿಕ್ಕ.

"ನಾ ಯಾಕ ಕೊಲ್ಲಲಿ? ಕೊಂಡವಾಡದ ಹರಾಜಿನ್ಯಾಗ ನಾನ ಅದನ್ನ ಹಿಡೀತಿದ್ದೆ. ಕಾಳವ್ವನ್ನ ಕೂಲಿಗಿಟ್ಟು ಅದರ ಸಗಣಿ ಬಳಿಸ್ತಿದ್ದೆ."

"ಇದನ್ನ ಆಕಿಗೆ ಹೇಳಿದ್ರೇನು?"

"ಓಣಿಗೆಲ್ಲಾ ಕೇಳೂ ಹಂಗ ಹೇಳೇನ್ರಿ!"

"ಹಾಲ ಹಿಂಡಾಕ ಬರತೈತೇನು?"

"ನನ್ನ ಕಂಡ್ರ ಆ ಎಮ್ಮಿ ಕೋಡ ತೋರಸ್ತಿತ್ತು. ಹಿಂಡೂದು ದೂರ ಉಳೀತು."

* * *

ಕಾಳವ್ವನ ಅಂಗಳದಲ್ಲಿ ಯಶೋಧರಾ ನೇರವಾಗಿ ಕೇಳಿದಳು: "ಕಾಳವ್ವಾರ, ನಿನ್ನಿ ಅದನ್ನ ಯಾಕ ಹಿಂಡಿದ್ರಿ?"

ಕಾಳವ್ವ ಕಟ್ಟಿದ ಕರುವಿನ ಮುಂದೆ ಹುಲ್ಲು ಹಾಕಿದಳು.

"ನಾವು ಹಿಡಿದಾಗ ಕೆಚ್ಚಲ ತುಂಬಾಕತ್ತಿತ್ತು. ಬೆಳಿಗ್ಗೆ ಖಾಲಿ. ಕರು ನಿಮ್ಮ ಮನ್ಯಾಗ ಕಟ್ಟೇತಿ. ಗುರ್ತಿಲ್ಲದ ಕೈಗೆ ಎಮ್ಮಿ ಹಾಲ ಬಿಡೂದಿಲ್ಲ. ವೈರಿ ಬಂದಿದ್ರ ವಿಷ ಇಟ್ಟು ಓಡತಿದ್ದ, ಹಿಂಡಾಕ ಕುಂದರತಿರಲಿಲ್ಲ. ಬಸವಪ್ರಭುನ ಅಂಗಡಿ ಹಿಂಡಿ ಚೀಲ ಎಮ್ಮಿ ಸಾಕಿದವರ ಮನ್ಯಾಗೆಲ್ಲಾ ಇರತೈತಿ."

ಕಾಳವ್ವ ಕರುವಿನ ಕೊರಳ ಮೇಲೆ ಕೈಯಿಟ್ಟಳು.

"ಹಿಂದಿನ ಮೋಟ ಗ್ವಾಡಿ ಹತ್ತಿ ಇಳದ್ನಿರಿ. ಕೆಚ್ಚಲ ಬಿಗದು ಒದ್ದಾಡಾಕತ್ತಿತ್ತು. ಹಂಗ ಹ್ಯಾಂಗ ಸಾಯಾಕ ಬಿಡಲಿ? ಹಾಲ ಹಿಂಡಿ ನೆಲಕ್ಕ ಚೆಲ್ಲಿದೆ. ಆಮ್ಯಾಲ ವಿಷ ಕಲಿಸಿದ ಬಾನಿ ಮುಂದಿಟ್ಟು, ಅವನ ಅಂಗಡಿ ಚೀಲ ಬಾಜೂಕ ಒಗದೆ." ಅವಳ ದನಿ ಗಟ್ಟಿಯಾಯಿತು. "ಅದು ಅವನ ಕೊಟ್ಟಿಗಿ ಗ್ವಾದ್ಲಿಗೆ ಹೋಗಬಾರದಿತ್ತು. ಅಂವಾ ಜೇಲಿನ್ಯಾಗ ಕೊಳೀಬೇಕಿತ್ತು. ನೀವು ಕೆಚ್ಚಲ ಯಾಕ ಮುಟ್ಟಿದ್ರಿ?"

ಯಶೋಧರಾ ಅಂದೇ ವರದಿ ಬರೆದಳು:

ಎಮ್ಮೆಗೆ ವಿಷವಿಕ್ಕಿದವರು ಅದರ ಒಡತಿ ಕಾಳವ್ವ. ಉದ್ದೇಶ, ಬಸವಪ್ರಭುವಿನ ಮೇಲಿನ ಸೇಡು. ಬಸವಪ್ರಭು ಈ ಕೃತ್ಯದಲ್ಲಿ ನಿರ್ದೋಷಿ.