ಸತ್ತ ತಿರುವಿನಿಂದ ಬಂದ ಮಾತು

"ನಮ್ಮನೆಯವರಿಗೆ ಅವರ ಕಿವಿ ಮೇಲೇ ನಂಬಿಕೆ ಹೋಗ್ಬಿಟ್ಟಿದೆ. ಮಗು ಅಪ್ಪಾ ಅಂತ ಕೂಗಿದ್ರೆ, ನಿಜವಾಗ್ಲೂ ಕೂಗಿದ್ಯಾ ಅಂತ ಕೇಳ್ತಾರೆ. ನಾಳೆ ಸ್ಟೇಷನ್ನಿಗೆ ಹೋಗಿ ತಪ್ಪು ನಂದೇ ಅಂತ ಬರೆದುಕೊಡ್ತಾರಂತೆ. ಅಷ್ಟರೊಳಗೆ ನೀವೇನಾದ್ರೂ ಮಾಡ್ಬೇಕು."

ಬಂದಾಕೆ ಕುರ್ಚಿಯ ಅಂಚಿನಲ್ಲಿ ಕೂತು ಇಷ್ಟು ಹೇಳಿದಳು. ಅಳಲಿಲ್ಲ. ಅಳುವುದನ್ನೆಲ್ಲ ಮನೆಯಲ್ಲೇ ಅತ್ತು ಮುಗಿಸಿ ಬಂದಂತಿತ್ತು. ಅತ್ತಿಗೆ ಕನ್ನಡಕ ಒರೆಸಿಕೊಳ್ಳುತ್ತಾ, ನಡೆದದ್ದನ್ನು ಮೊದಲಿನಿಂದ ಹೇಳುವಂತೆ ಕೇಳಿದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಿಮಾ ಕಂಪನಿಯಲ್ಲಿ ಜಖಂಗೊಂಡ ವಾಹನಗಳನ್ನು ತಪಾಸಣೆ ಮಾಡುತ್ತಲೇ ತಲೆ ನರೆಸಿಕೊಂಡು, ನಿವೃತ್ತಿಯಾದ ಮೇಲೆ ಮನೆಯ ಮುಂಗೋಣೆಗೆ ಒಂದು ಫಲಕ ಹಾಕಿ ಪತ್ತೇದಾರಿಕೆ ಶುರು ಮಾಡಿದವರು. ಅಣ್ಣ ಇದನ್ನು ನಿವೃತ್ತಿಯ ಹುಚ್ಚು ಎನ್ನುತ್ತಾನೆ, ಅವರ ಬೆನ್ನ ಹಿಂದೆ. ನನ್ನದು ಡ್ರೈವಿಂಗ್ ಶಾಲೆ. ಅತ್ತಿಗೆ ಎಲ್ಲಿಗೆ ಹೊರಟರೂ ನನ್ನ ಕಾರೇ ಆಗಬೇಕು, ಏಕೆಂದರೆ ಅದರಲ್ಲಿ ಪಕ್ಕದ ಸೀಟಿನ ಕಾಲಡಿಗೂ ಒಂದು ಬ್ರೇಕ್ ಇದೆ. ನನ್ನ ಚಾಲನೆ ಹಿಡಿಸದ ಕಡೆಯೆಲ್ಲ ಅದನ್ನು ಅವರೇ ತುಳಿಯುತ್ತಾರೆ.

ಬಂದಾಕೆಯ ಗಂಡ ಊರಾಚೆಯ ಕಲ್ಲುಗಣಿಯಲ್ಲಿ ಕೆಳಗಿನ ಗೇಟಿನ ಕಾವಲುಗಾರ. ಗಣಿಯ ಗುಡ್ಡದ ರಸ್ತೆ ಕುಸಿದು ಒಂದೇ ವಾಹನ ಹೋಗುವಷ್ಟು ಅಗಲ ಉಳಿದಿತ್ತು; ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕಮರಿ. ಹಾಗಾಗಿ ಮೇಲೊಂದು ಗೇಟು, ಕೆಳಗೊಂದು ಗೇಟು, ಎರಡೂ ಕಡೆಯ ಕಾವಲುಗಾರರ ಕೈಯಲ್ಲಿ ವಾಕಿಟಾಕಿ. ಕಲ್ಲು ತುಂಬಿದ ಲಾರಿಗಳು ಸಾಲಾಗಿ ಇಳಿಯುತ್ತವೆ. ಸಾಲಿನ ಕೊನೆಯ ಲಾರಿಗೆ ಮೇಲಿನವನು ಕೆಂಪು ಬಟ್ಟೆ ಕಟ್ಟಿ ಕಳಿಸಿ, "ರಸ್ತೆ ನಿಂದು" ಎಂದು ವಾಕಿಟಾಕಿಯಲ್ಲಿ ಮಾತು ಕೊಡುತ್ತಾನೆ. ಕೆಳಗಿನವನು "ರಸ್ತೆ ನಂದು" ಎಂದು ಒಪ್ಪಿಕೊಂಡು, ಕೆಂಪು ಬಟ್ಟೆಯ ಲಾರಿ ತನ್ನನ್ನು ದಾಟಿದ ಮೇಲೆ ತನ್ನ ಕಡೆಯ ವಾಹನ ಬಿಡುತ್ತಾನೆ. ಮಾತು ಕೊಡುವ ಹಕ್ಕು ಗೇಟಿನವರಿಗಷ್ಟೇ. ಗಣಿಯ ಒಡೆಯನೇ ಬಂದರೂ ಅದನ್ನು ಕೊಡುವಂತಿರಲಿಲ್ಲ.

ಆ ದಿನ ಅವಳ ಗಂಡನಿಗೆ ಮಾತು ಬಂತು, ಹಿಂದೆಯೇ ಕೆಂಪು ಬಟ್ಟೆಯ ಲಾರಿಯೂ ಬಂತು. ಅವನು ಗೇಟು ಎತ್ತಿ ನೀರಿನ ಟ್ಯಾಂಕರನ್ನು ಮೇಲಕ್ಕೆ ಬಿಟ್ಟ. ದಾರಿಯ ಸರಿಯಾಗಿ ನಡುವಿನಲ್ಲಿ ಟ್ಯಾಂಕರಿಗೆ ಎದುರಾಗಿ ಇನ್ನೊಂದು ಕಲ್ಲಿನ ಲಾರಿ ಇಳಿದು ಬಂತು. ಲಾರಿಯವನು ಟ್ಯಾಂಕರನ್ನು ಉಳಿಸಲು ಹೋಗಿ ಕಮರಿಗೆ ಬಿದ್ದು ಸತ್ತ. ಸತ್ತವನು ಗಣಿಯ ಮೇಸ್ತ್ರಿಯ ಒಡಹುಟ್ಟಿದ ತಮ್ಮ. ಮೇಲಿನ ಗೇಟಿನ ಮುದುಕ ತಾನು ಮಾತು ಕೊಟ್ಟೇ ಇಲ್ಲವೆಂದು ಮಕ್ಕಳ ಮೇಲೆ ಆಣೆ ಇಟ್ಟ.

ಮೇಸ್ತ್ರಿ ಏನೆನ್ನುತ್ತಾನೆ ಎಂದು ಅತ್ತಿಗೆ ಕೇಳಿದರು.

"ಅವರು ದೇವರಂಥವರು. ಅಂಥ ಸಂಕಟದಲ್ಲೂ ಮನೆಗೆ ಬಂದು, ಏನೋ ಕೇಳಿಸಿದ ಹಾಗಾಯ್ತು, ಭ್ರಮೆ ಆಯ್ತು ಅಂತ ಬರೆದುಕೊಡು, ಶಿಕ್ಷೆ ಕಮ್ಮಿ ಆಗುತ್ತೆ ಅಂದ್ರು. ಅವರ ತಾಯಿ ಮಾತ್ರ ದಿನಾ ನಮ್ಮ ಬಾಗಿಲಿಗೆ ಬಂದು ನನ್ನ ಮಕ್ಕಳಿಗೆ ಶಾಪ ಹಾಕ್ತಾರೆ. ಹೆತ್ತ ಹೊಟ್ಟೆ, ನಾನು ಏನಂತ ಎದುರು ಮಾತಾಡ್ಲಿ?"

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡರು. ನಾನು ಕಾರಿನ ಕೀಲಿ ಹುಡುಕಿದೆ.

ಕಾವಲುಗಾರ ತನ್ನ ಮನೆಯ ಗೋಡೆಗೆ ಮುಖ ಮಾಡಿ ಮಲಗಿದ್ದ. ತನ್ನಿಂದ ಒಂದು ಜೀವ ಹೋಯಿತು, ಇನ್ನು ಯಾರೂ ತನಗಾಗಿ ಓಡಾಡುವುದು ಬೇಡ ಎಂದು ಗೋಡೆಗೇ ಹೇಳಿದ. ಆ ದನಿ ಪರಿಚಿತವಾಗಿತ್ತೇ ಎಂದು ಕೇಳಿದರೆ, ವಾಕಿಟಾಕಿಯಲ್ಲಿ ಎಲ್ಲರ ದನಿಯೂ ಮೂಗಿನಲ್ಲಿ ಮಾತಾಡಿದಂತೆಯೇ ಇರುತ್ತದೆ ಎಂದ. ಅತ್ತಿಗೆ ಅವನ ಪಕ್ಕ ನೆಲದ ಮೇಲೇ ಕೂತರು.

"ದನಿ ಬಿಡು. ಅದರ ಹಿಂದೆ ಏನು ಕೇಳಿಸ್ತು, ಅದನ್ನ ಹೇಳು."

ಅವನು ಗೋಡೆಯಿಂದ ಇತ್ತ ಹೊರಳಿದ. "ಏನೂ ಇರ್ಲಿಲ್ಲ. ಬಾಗಿಲು ಹಾಕ್ಕೊಂಡು ಮಾತಾಡಿದ ಹಾಗೆ ಸ್ವಚ್ಛವಾಗಿತ್ತು. ಮೇಲಿನ ಗೇಟಿನ ಅಜ್ಜ ಮಾತಾಡಿದ್ರೆ ಯಾವಾಗ್ಲೂ ಗಾಳಿ ಬುಸುಗುಡುತ್ತೆ. ಅದಕ್ಕೇ ನಂಗೆ ಭ್ರಮೆ ಅನ್ಸೋದು."

ಅತ್ತಿಗೆ ಅವನ ಭುಜ ತಟ್ಟಿ ಎದ್ದರು. ಅವರ ಮುಖದಲ್ಲಿ ಏನೋ ಹೊಳೆದಂತಿತ್ತು. ನನಗೆ ಏನೂ ಹೊಳೆಯಲಿಲ್ಲ, ಅದು ಹೊಸದೇನಲ್ಲ.

ಮೇಲಿನ ಗೇಟಿನ ಗುಡಿಸಲು ಗುಡ್ಡದ ನೆತ್ತಿಯಲ್ಲಿತ್ತು. ಗಾಳಿಗೆ ಅದರ ತಗಡು ಬಡಿದುಕೊಳ್ಳುತ್ತಿತ್ತು. ಮುದುಕ ಕೈಮುಗಿದುಕೊಂಡೇ ಮಾತಾಡಿದ. ಮೇಸ್ತ್ರಿಯ ತಮ್ಮನ ಲಾರಿ ಆ ದಿನ ಸ್ಟಾರ್ಟ್ ಆಗದೆ ಹಿಂದುಳಿಯಿತಂತೆ. ಕೆಂಪು ಬಟ್ಟೆಯನ್ನು ಅದರ ಮುಂದಿನ ಲಾರಿಗೇ ಕಟ್ಟಿ ಕಳಿಸಿದ ಮೇಲೆ ಅವನು ಬಂದು, ತನ್ನನ್ನೂ ಬಿಡು ಎಂದು ಗೋಗರೆದನಂತೆ. ಮಾತು ಇನ್ನೂ ಕೊಟ್ಟಿರಲಿಲ್ಲವಾದ್ದರಿಂದ ರಸ್ತೆ ಮುದುಕನದೇ ಆಗಿತ್ತು. ಅವನು ಬಿಟ್ಟ.

ಕೆಳಗಿನವನು "ರಸ್ತೆ ನಂದು" ಎಂದದ್ದು ಕೇಳಿಸಲಿಲ್ಲವೇ ಎಂದು ಅತ್ತಿಗೆ ಕೇಳಿದರು.

"ಕಾಲು ತೆಗೆದ್ರೆ ಇಂಜಿನ್ ನಿಂತೋಗುತ್ತೆ ಅಂತ ಅವನು ಈ ಕಿಟಕಿ ಪಕ್ಕದಲ್ಲೇ ನಿಲ್ಲಿಸ್ಕೊಂಡು ರೊಂಯ್ಯಂತ ತುಳೀತಿದ್ದ ತಾಯಿ. ಆ ಗದ್ದಲದಲ್ಲಿ ಸತ್ತ ನನ್ನಪ್ಪ ಎದ್ದು ಬಂದು ಕರೆದಿದ್ರೂ ಕೇಳಿಸ್ತಿರ್ಲಿಲ್ಲ."

ಗಣಿಯ ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಬೇಗ ಮುಗಿದರೆ ಸಾಕೆಂಬ ಅವಸರ. ಇಡೀ ಗಣಿಯಲ್ಲಿ ವಾಕಿಟಾಕಿ ಇದ್ದದ್ದು ಮೂವರ ಬಳಿ: ಇಬ್ಬರು ಕಾವಲುಗಾರರು ಮತ್ತು ಮೇಸ್ತ್ರಿ. ಮೇಸ್ತ್ರಿ ಆಗ ಕೆಳಗಿನ ಗೇಟಿಗೂ ಕುಸಿದ ಭಾಗಕ್ಕೂ ನಡುವಿನ ತಿರುವಿನಲ್ಲಿ ಜೀಪು ನಿಲ್ಲಿಸಿ, ಧೂಳಿಗೆ ಗಾಜು ಏರಿಸಿಕೊಂಡು ಕೂತಿದ್ದನ್ನು ಚರಂಡಿ ಕೆಲಸದವರು ನೋಡಿದ್ದರು. ಬಂಡೆಯ ಮರೆ, ಸುತ್ತ ಜೀಪಿನ ಕಬ್ಬಿಣದ ಮೈ. ಅಲ್ಲಿ ಜೀಪಿನೊಳಗಿಂದ ಮಾತಾಡಿದರೆ ಯಾವ ಗೇಟಿಗೂ ಕೇಳಿಸುವುದಿಲ್ಲ. ಗಣಿಯವರು ಅದನ್ನು ಸತ್ತ ತಿರುವು ಎಂದೇ ಕರೆಯುತ್ತಿದ್ದರು. ಹಾಗಾಗಿ ಮೇಸ್ತ್ರಿಯನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಜೀಪಿಗೆ ಹೊರಗಿನ ಆಂಟೆನಾ ಹಾಕಿಸೋ ಯೋಚನೆ ಬರಲಿಲ್ವಾ?" ಎಂದರು ಅತ್ತಿಗೆ.

ಮ್ಯಾನೇಜರು ಪೆಚ್ಚಾಗಿ ನಕ್ಕು ಉಗ್ರಾಣ ತೆರೆಸಿದರು. ವಾಹನಕ್ಕೆ ಹಾಕುವ ಆಂಟೆನಾಗಳನ್ನು ತರಿಸಿದ್ದರು. ಒಂದೊಂದಕ್ಕೂ ಮೊಣಕೈ ಉದ್ದದ ಕಡ್ಡಿ, ಛಾವಣಿಗೆ ಕಚ್ಚಿಕೊಳ್ಳುವ ದುಂಡನೆಯ ಅಯಸ್ಕಾಂತದ ತಳ, ಅಲ್ಲಿಂದ ಒಳಗೆ ಎಳೆದುಕೊಳ್ಳಲು ತಂತಿ. ವಾಕಿಟಾಕಿಯ ನೆತ್ತಿಯ ರಬ್ಬರ್ ಕಡ್ಡಿಯನ್ನು ತಿರುಗಿಸಿ ಬಿಚ್ಚಿ, ಅದರ ಜಾಗದಲ್ಲಿ ಈ ತಂತಿಯ ತುದಿ ಕೂರಿಸಬೇಕು. ಆದರೆ ಅದು ಕೂರಲಿಲ್ಲ. "ಗಂಡಿಗೆ ಗಂಡು ತಂದು ಗಂಟು ಹಾಕೋಕೆ ಹೊರಟಂಗಾಯ್ತು. ಎರಡೂ ತುದಿ ಒಂದೇ ಥರ," ಎಂದರು ಮ್ಯಾನೇಜರು. ಎಲ್ಲವೂ ಹಾಗೇ ಉಗ್ರಾಣ ಸೇರಿದ್ದವು. ಅತ್ತಿಗೆ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದರು. ಉಳಿದವುಗಳ ತಂತಿ ಅಂಗಡಿಯಲ್ಲಿ ಸುತ್ತಿದಂತೆಯೇ ಇತ್ತು. ಒಂದರದ್ದು ಮಾತ್ರ ಕೈಯಲ್ಲಿ ಸುತ್ತಿದ್ದು, ಅದರ ನಡುವೆ ಒಂದು ಕಡೆ ಚಪ್ಪಟೆಯಾಗಿತ್ತು.

ಮೇಸ್ತ್ರಿಯ ಜೀಪು ಅಪಘಾತದ ದಿನದಿಂದ ಅಂಗಳದಲ್ಲೇ ನಿಂತಿತ್ತು. ಗಣಿ ಮುಚ್ಚಿದ್ದರಿಂದ ಹೊಸ ಧೂಳೂ ಎದ್ದಿರಲಿಲ್ಲ. ಅತ್ತಿಗೆ ನನ್ನನ್ನು ಬಂಪರಿನ ಮೇಲೆ ಹತ್ತಿಸಿ ಛಾವಣಿ ನೋಡಿಸಿದರು. ದಪ್ಪ ಬಿಳಿ ಧೂಳಿನ ನಡುವೆ ತಟ್ಟೆ ಇಟ್ಟು ತೆಗೆದಂಥ ದುಂಡನೆಯ ಸ್ವಚ್ಛ ಗುರುತು. ಬಾಗಿಲಿನ ಅಂಚಿನ ರಬ್ಬರಿನಲ್ಲಿ ಬೆರಳು ಹಿಡಿಯುವಷ್ಟು ಒಂದು ತಗ್ಗು. ಮೂರೂ ವಾಕಿಟಾಕಿಗಳು ಪೊಲೀಸರ ವಶದಲ್ಲಿದ್ದವು. ಇನ್ಸ್‌ಪೆಕ್ಟರನ್ನು ಕಾಡಿಸಿ ಅವುಗಳನ್ನೂ ನೋಡಿದೆವು. ಮೇಸ್ತ್ರಿಯದರ ನೆತ್ತಿಯ ರಬ್ಬರ್ ಕಡ್ಡಿಯನ್ನು ಅತ್ತಿಗೆ ಬೆರಳಲ್ಲಿ ಮುಟ್ಟಿದರೆ ಅದು ಸಡಿಲ ಹಲ್ಲಿನಂತೆ ಆಡಿತು. ಉಳಿದ ಎರಡರ ಕಡ್ಡಿಗಳು ಬಿಗಿಯಾಗಿದ್ದವು.

ಸಂಜೆ ಅವರು ಒಂದು ರೇಡಿಯೊ ಅಂಗಡಿಗೆ ಹೋಗಿ ಒಂದೇ ಥರದ ಎರಡು ತುದಿಗಳನ್ನು ಸೇರಿಸುವ ಹಿತ್ತಾಳೆಯ ಪುಟ್ಟ ತುಂಡೊಂದನ್ನು ಕೊಂಡರು. ಅಂಗಡಿಯವನು ಅದನ್ನು ಜೋಡುಬಾಯಿ ಎಂದ. "ನಾಳೆ ನೀನು ಸತ್ತ ತಿರುವಿನಿಂದ ಮಾತಾಡಬೇಕು," ಎಂದರು ಅತ್ತಿಗೆ. ಮಾತಿಗೆ ಒಳ್ಳೆಯ ಜಾಗ ಹುಡುಕಿದಿರಿ ಎಂದೆ. ಅವರು ನಗಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಒಮ್ಮೆಯೂ ಬ್ರೇಕ್ ತುಳಿಯಲಿಲ್ಲ. ಆಗಲೇ ನನಗೆ ಭಯವಾದದ್ದು.

ಮರುದಿನ ಬೆಳಿಗ್ಗೆ, ಅತ್ತಿಗೆ ಕೇಳಿಕೊಂಡಂತೆ, ಎಲ್ಲರೂ ಸ್ಟೇಷನ್ನಿನ ಬದಲು ಕೆಳಗಿನ ಗೇಟಿನ ಪಕ್ಕದ ಆಫೀಸಿನಲ್ಲಿ ಸೇರಿದರು: ಇನ್ಸ್‌ಪೆಕ್ಟರು, ಮ್ಯಾನೇಜರು, ಇಬ್ಬರು ಕಾವಲುಗಾರರು, ಕೆಳಗಿನವನ ಹೆಂಡತಿ, ಮೇಸ್ತ್ರಿ. ಮೇಸ್ತ್ರಿಯ ತಾಯಿಯನ್ನು ಯಾರೂ ಕರೆದಿರಲಿಲ್ಲ. ಮಗನನ್ನು ಕೊಂದವನು ತಪ್ಪೊಪ್ಪುವುದನ್ನು ಕಣ್ಣಾರೆ ನೋಡಬೇಕೆಂದು ತಾನೇ ಬಂದಿದ್ದಳು. ನಾನು ಮಾತ್ರ ಅಲ್ಲಿರಲಿಲ್ಲ. ಅದೇ ಜೀಪನ್ನು ಅದೇ ತಿರುವಿನಲ್ಲಿ ನಿಲ್ಲಿಸಿ, ಛಾವಣಿಯ ಆ ಗುರುತಿನ ಮೇಲೇ ಆಂಟೆನಾ ಇಟ್ಟು, ತಂತಿಯನ್ನು ಬಾಗಿಲಿನ ಸಂದಿಯಿಂದ ಒಳಗೆಳೆದು, ಜೋಡುಬಾಯಿಯ ಮೂಲಕ ಮೇಲಿನ ಗೇಟಿನ ವಾಕಿಟಾಕಿಗೆ ಕೂರಿಸಿಕೊಂಡು ಕಾದಿದ್ದೆ. ಗಾಜುಗಳನ್ನು ಪೂರ್ತಿ ಏರಿಸಿದ್ದೆ.

ಕರೆ ಬಂದೊಡನೆ, ಅತ್ತಿಗೆ ಹೇಳಿಕೊಟ್ಟಂತೆ "ರಸ್ತೆ ನಿಂದು" ಎಂದೆ. ಅತ್ತ ಕಡೆ ಕಾವಲುಗಾರ ತನ್ನ ವಾಕಿಟಾಕಿಯ ಗುಂಡಿ ಒತ್ತಿದ. ಹಾಗೇ ಒತ್ತಿ ಹಿಡಿದಿರಬೇಕೆಂದು ಅತ್ತಿಗೆ ಮೊದಲೇ ಅವನಿಗೆ ಹೇಳಿದ್ದರು. ಹೀಗಾಗಿ ಆ ಕೋಣೆಯ ಮಾತೆಲ್ಲ ನನಗೆ ಕೇಳುತ್ತಿತ್ತು. ನಾನು ಇತ್ತ ಏನು ಹೇಳಿದರೂ ಅತ್ತ ತಲುಪುವಂತಿರಲಿಲ್ಲ. ಮೊದಲು ಕೇಳಿಸಿದ್ದು ಅವನದೇ ದನಿ.

"ಹೀಗೇ. ಹೀಗೇ ಕೇಳಿಸಿದ್ದು ನಂಗೆ. ಹಾಗಾದ್ರೆ ಅದು ನಿಜ ಅಲ್ವಾ?"

"ನಿಜ," ಎಂದರು ಅತ್ತಿಗೆ. "ನಿನ್ನ ಕಿವಿಗೆ ಏನೂ ಆಗಿಲ್ಲ."

ಅವನು ಬಿಕ್ಕಿದ್ದು ವಾಕಿಟಾಕಿಯಲ್ಲಿ ಗರಗರ ಎಂದಿತು. ಆಮೇಲೆ ಅತ್ತಿಗೆ ಒಂದೊಂದಾಗಿ ಬಿಡಿಸಿಟ್ಟರು. ಭಾರದ ಟ್ಯಾಂಕರ್, ಭಾರದ ಲಾರಿ, ಎರಡೂ ಆಮೆ ನಡಿಗೆಯವು; ನಟ್ಟ ನಡುವೆ ಎದುರಾದವೆಂದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹೊರಟಿರಬೇಕು. ಅಂದರೆ ಮಾತು ಬಂದಾಗ ಲಾರಿ ಇನ್ನೂ ಮುದುಕನ ಕಿಟಕಿಯ ಪಕ್ಕದಲ್ಲೇ ಅಬ್ಬರಿಸುತ್ತಿತ್ತು. ಮುದುಕ ಮಾತಾಡಿದ್ದರೆ ಆ ಅಬ್ಬರ, ಗಾಳಿ ಎಲ್ಲವೂ ಜೊತೆಗೆ ಬರಬೇಕಿತ್ತು. ಬಂದ ಮಾತಿನ ಹಿಂದೆ ಏನೂ ಇರಲಿಲ್ಲ. ಅದು ಮುಚ್ಚಿದ ಜಾಗದಿಂದ ಬಂದ ಮಾತು. ಉಳಿದ ಒಂದೇ ವಾಕಿಟಾಕಿ ಗಾಜು ಏರಿಸಿದ ಜೀಪಿನಲ್ಲಿತ್ತು. ಸತ್ತ ತಿರುವಿನಿಂದ ಮಾತು ಹೋಗುವುದಿಲ್ಲ ಎಂಬುದೊಂದೇ ಅಡ್ಡಿ. ಛಾವಣಿಯ ದುಂಡು ಗುರುತು ಅದನ್ನು ತೆಗೆದುಹಾಕಿತು. ಬಾಗಿಲಿಗೆ ಸಿಕ್ಕ ತಂತಿ ಚಪ್ಪಟೆಯಾಗಿತ್ತು, ಬಾಗಿಲಿನ ರಬ್ಬರು ತಗ್ಗಾಗಿತ್ತು. ಬಿಚ್ಚಿ ಅವಸರದಲ್ಲಿ ಮತ್ತೆ ಕೂರಿಸಿದ್ದರಿಂದ ವಾಕಿಟಾಕಿಯ ರಬ್ಬರ್ ಕಡ್ಡಿ ಸಡಿಲವಾಗಿತ್ತು. ಇನ್ನು ಉಗ್ರಾಣದ ಕೀಲಿ ಮ್ಯಾನೇಜರ ಬಳಿಯಲ್ಲದೆ ಇನ್ಯಾರ ಬಳಿ ಇರುತ್ತದೆ ಎಂದು ಅತ್ತಿಗೆ ಕೇಳಿದರು.

"ಮೇಸ್ತ್ರಿ ಹತ್ರ," ಎಂದರು ಮ್ಯಾನೇಜರು, ಬಹಳ ಸಣ್ಣ ದನಿಯಲ್ಲಿ.

ಯಾರೋ ಕುರ್ಚಿ ಸರಿಸಿದರು. ಆಮೇಲೆ ಕೇಳಿಸಿದ್ದು ಮೇಸ್ತ್ರಿಯ ದನಿ.

"ಜೋಡುಬಾಯಿ ನಾನೇ ಹುಡುಕಿ ತಂದಿದ್ದೆ. ಕೆಲಸ ಮಾಡಿದ್ರೆ ಎಲ್ಲರಿಗೂ ತೋರಿಸೋಣ ಅಂತ. ಅವತ್ತೇ ಮೊದಲ್ನೇ ಸಲ ಹಾಕಿದ್ದು. ಎರಡೂ ಗೇಟು ಕೇಳಿಸ್ತು, ಎಷ್ಟು ಖುಷಿಯಾಯ್ತು ಗೊತ್ತಾ. ಮೇಲೆ ಕೆಲಸದವರ ಶೆಡ್ಡುಗಳಲ್ಲಿ ಕುಡಿಯೋಕೆ ನೀರಿರ್ಲಿಲ್ಲ, ಟ್ಯಾಂಕರ್ ಕೆಳಗೇ ನಿಂತಿತ್ತು. ಕೆಂಪು ಬಟ್ಟೆ ನನ್ನ ಕಣ್ಣೆದುರೇ ಇಳೀತು, ಅಜ್ಜ ಮಾತು ಕೊಡ್ತಾ ಇಲ್ಲ. ಇನ್ನು ರಸ್ತೇಲಿ ಯಾರಿದ್ದಾರೆ ಅಂತ ನಾನೇ ಕೊಟ್ಬಿಟ್ಟೆ. ತಮ್ಮ ಹಿಂದೆ ಉಳಿದಿದ್ದಾನೆ ಅಂತ ನಂಗೆ ಗೊತ್ತಿರ್ಲಿಲ್ಲ."

ಆಮೇಲೆ ಅವನು ತಾಯಿಯ ಕಡೆ ತಿರುಗಿರಬೇಕು.

"ನಿನ್ನ ಒಬ್ಬ ಮಗ ಸತ್ತ ಅಂತ ಹೇಳೋದೇ ಕಷ್ಟ ಆಯ್ತು ಅಮ್ಮ. ಸಾಯಿಸಿದ್ದು ಇನ್ನೊಬ್ಬ ಮಗ ಅಂತ ಹೇಗೆ ಹೇಳ್ಲಿ."

ತಾಯಿಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನಿಸಿತು ನನಗೆ.

"ಅವತ್ತೇ ಹೇಳಿದ್ರೆ ನಿನ್ನ ತಬ್ಬಿಕೊಂಡು ಅಳ್ತಿದ್ದೆ. ಇಬ್ಬರೂ ಕೂತು ಅಳ್ತಿದ್ವಿ. ಇನ್ನೊಬ್ಬರ ಮನೆ ಯಜಮಾನನ್ನ ಮುಂದಕ್ಕೆ ತಳ್ಳಿ, ನನ್ನ ಕೈಲಿ ಅವರ ಮಕ್ಕಳಿಗೆ ಶಾಪ ಹಾಕ್ಸಿದ್ಯಲ್ಲೋ. ಈಗ ನಾನು ಯಾವ ಮುಖ ಇಟ್ಕೊಂಡು ಅಳ್ಲಿ?"

ಗುಂಡಿ ಬಿಟ್ಟರೋ ಏನೋ, ಅಲ್ಲಿಗೆ ಸದ್ದು ನಿಂತಿತು. ನಾನು ಆಂಟೆನಾ, ತಂತಿ ಎಲ್ಲ ಇದ್ದಂತೆಯೇ ಜೀಪನ್ನು ಇಳಿಸಿಕೊಂಡು ಹೋದೆ.

ನಾನು ತಲುಪುವಾಗ ಇನ್ಸ್‌ಪೆಕ್ಟರು ಮೇಸ್ತ್ರಿಯ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಹಿಡಿಯುವ ಅಗತ್ಯವೇನೂ ಇರಲಿಲ್ಲ. ಅವನು ಓಡುವ ಸ್ಥಿತಿಯಲ್ಲಿರಲಿಲ್ಲ. ಅತ್ತಿಗೆ ಹೊರಗಿನ ಜಗಲಿಯಲ್ಲಿ ಒಬ್ಬರೇ ನಿಂತಿದ್ದರು. ಗೆದ್ದಿದ್ದಕ್ಕೆ ಒಂದು ಮಾತು ಹೇಳಬೇಕೆಂದುಕೊಂಡಿದ್ದೆ. ಅವರ ಮುಖ ನೋಡಿ ಒಳಗೆ ಇಣುಕಿದೆ.

ಒಳಗೆ ಆ ತಾಯಿ ನೆಲಕ್ಕೆ ಕುಸಿದಿದ್ದಳು. ಕಾವಲುಗಾರನ ಹೆಂಡತಿ ಪಕ್ಕದಲ್ಲಿ ಮಂಡಿಯೂರಿ ನೀರಿನ ಲೋಟ ಹಿಡಿದಿದ್ದಳು. ಮುದುಕಿ ಕುಡಿಯಲಿಲ್ಲ. ಲೋಟವನ್ನು ಕೈಯಿಂದ ಸರಿಸಿ, ಅವಳ ಮುಖವನ್ನು ಮೊದಲ ಸಲವೆಂಬಂತೆ ನೋಡಿದಳು.

"ನನ್ನ ಹತ್ರ ಕೂರಬೇಡ ಮಗಳೇ," ಎಂದಳು. "ನಿನ್ನ ಗಂಡನ್ನ ಮನೆಗೆ ಕರ್ಕೊಂಡು ಹೋಗು. ಮಕ್ಕಳು ಕಾಯ್ತಿರ್ತವೆ."