ಎಂಟು ಗಂಟೆಯ ಹದಿನೈದು ನಿಮಿಷ

"ಕೈ ಚಾಚಿ ಅಕ್ಕ... ಮುಷ್ಟಿ ಕಟ್ಟಿ... ಹಾಂ, ಹಾಗೆ."

ಬೆಳಗ್ಗೆ ಆರೂವರೆ. ಮೂರನೇ ಮಹಡಿಯ ಮನೆ. ಐದು ತಿಂಗಳ ಬಸುರಿ ಸೋಫಾ ಮೇಲೆ ಕೂತಿದ್ದಳು. ಎದುರಿಗೆ ಮಂಡಿಯೂರಿ, ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದವಳು ಸೂಜಿ.

ಲ್ಯಾಬಿನಿಂದ ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ ರಕ್ತದ ಸ್ಯಾಂಪಲ್ ತರುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸೂಜಿ. ಅವಳು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ... ಸೊಳ್ಳೆಗಳಿಗೂ ಹೊಟ್ಟೆಕಿಚ್ಚು ಬರಬೇಕು!

"ರಾತ್ರಿಯಿಂದ ಏನೂ ತಿಂದಿಲ್ಲ ತಾನೆ?" ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದಳು.

"ನಾನು ತಿಂದಿಲ್ಲಮ್ಮ. ನೀನು? ಮುಖ ನೋಡು, ಸುಣ್ಣ ಬಳಿದ ಹಾಗಿದೆ."

ಸೂಜಿ ನಗಲು ಹೋದಳು. ಅಷ್ಟರಲ್ಲಿ ಗೋಡೆ ಓರೆಯಾಯಿತು. ತಲೆಯ ಮೇಲಿನ ಫ್ಯಾನ್ ಕೆಳಗಿಳಿದು ಬಂದಂತಾಯಿತು. ಆಮೇಲೆ... ಬರೀ ಕತ್ತಲು.

"ತಮ್ಮಾ! ಲೋ, ಬೇಗ ಬಾರೋ! ರಕ್ತ ತೆಗೆಯೋಕೆ ಬಂದೋಳೇ ಬೀಳ್ತಿದ್ದಾಳೆ!"

ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದ ತಮ್ಮ, ಅವಳ ತಲೆ ನೆಲಕ್ಕೆ ಬಡಿಯುವ ಮೊದಲೇ ಅಂಗೈ ಒಡ್ಡಿಬಿಟ್ಟ. ಸೌಟು ಎಲ್ಲೋ ಹಾರಿತು. ಕಣ್ಣು ಬಿಟ್ಟ ಸೂಜಿಗೆ ಮೊದಲು ಕಂಡಿದ್ದು ಎರಡು ಕೆಂಡದಂಥ ಕಣ್ಣು.

"ಕೊನೇ ಸಲ ಊಟ ಮಾಡಿದ್ದು ಯಾವಾಗ?"

"ನಿ... ನಿನ್ನೆ. ಮಧ್ಯಾಹ್ನ."

"ಏನು ತಿಂದ್ರಿ?"

"ಬಿಸ್ಕತ್ತು."

"ಅದು ಊಟಾನಾ?! ನಿಮ್ಮ ಲ್ಯಾಬ್ ಗೋಡೆ ಮೇಲೆ ಇಷ್ಟು ದೊಡ್ಡದಾಗಿ ಬರೆದಿದ್ದೀರಲ್ರೀ, ಬೆಳಗಿನ ತಿಂಡಿ ಬಿಡಬೇಡಿ ಅಂತ!"

'ಅಬ್ಬಾ... ಬಿದ್ದವಳ ಮೇಲೂ ಹೀಗೆ ರೇಗ್ತಾರಾ?' ಅವಳಿಗೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಆದರೆ ತಲೆಯ ಕೆಳಗಿದ್ದ ಅಂಗೈ ಮಾತ್ರ ಮೆತ್ತಗಿತ್ತು. ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು!

ಅವನು ಲಿಫ್ಟ್ ಮೆಕ್ಯಾನಿಕ್. ಭಾವ ದೂರದ ಗಣಿಯಲ್ಲಿ ಕೆಲಸಕ್ಕಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಅಕ್ಕನಿಗೆ ಬಸುರಿನಲ್ಲಿ ಸಕ್ಕರೆ ಅಂಶ ಏರಿತ್ತು. ಇಷ್ಟು ಕಾಳು, ಇಷ್ಟು ಸೊಪ್ಪು, ಇಷ್ಟೇ ಅನ್ನ ಅಂತ ಡಾಕ್ಟರು ಚೀಟಿ ಕೊಟ್ಟ ದಿನವೇ ಇವನು ಅಡುಗೆಮನೆ ಹೊಕ್ಕಿದ್ದ.

ಬೇಯಿಸಿದ ಮೊಟ್ಟೆ, ಕಾಳು, ಸೌತೆಕಾಯಿ ತುಂಬಿದ ತಟ್ಟೆ ತಂದು ಅವಳ ಮುಂದಿಟ್ಟ.

"ಬೇಡ. ಪೇಷೆಂಟ್ ಮನೇಲಿ ಏನೂ ತಿನ್ನಬಾರ್ದು. ರೂಲ್ಸ್."

"ಆ ರೂಲ್ಸ್ ಬರೆದೋನು ಹೊಟ್ಟೆ ತುಂಬ ತಿಂದು, ತೇಗಿ, ಆಮೇಲೆ ಬರೆದಿರ್ತಾನೆ!"

"ಇನ್ನೂ ಹನ್ನೊಂದು ಮನೆ ಇದೆ ರೀ ನಂಗೆ. ಹತ್ತು ಗಂಟೆ ಒಳಗೆ."

ಅವನು ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ನಡೆದ.

"ಮನೇಲಿ ತಾನೆ ತಿನ್ನಬಾರ್ದು? ಮೆಟ್ಟಿಲು ಯಾರ ಮನೆಯೂ ಅಲ್ಲ. ಬನ್ನಿ ಆಚೆ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗಮ್ಮ, ಹೋಗು. ಅವನು ಕೆಟ್ಟು ನಿಂತ ಲಿಫ್ಟನ್ನೇ ಬಿಡೋನಲ್ಲ, ನಿನ್ನ ಬಿಡ್ತಾನಾ? ಆದ್ರೆ ಮೊದ್ಲು ನನ್ನ ರಕ್ತ ತಗೋ ತಾಯಿ, ನಂಗೂ ಹಸಿವು!"

ವಾರಕ್ಕೆ ಎರಡು ದಿನ ಅಕ್ಕನ ರಕ್ತ ಪರೀಕ್ಷೆ. ವಾರಕ್ಕೆ ಎರಡು ದಿನ ಮೆಟ್ಟಿಲ ಮೇಲೆ ಹತ್ತು ನಿಮಿಷ.

ಮೊದಲ ವಾರ ಅವಳು ತಿಂದಳು, ಅವನು ಕಾವಲು ನಿಂತ. ಎರಡನೇ ವಾರ ಅವನೂ ಒಂದು ತಟ್ಟೆ ಹಿಡಿದು ಎರಡು ಮೆಟ್ಟಿಲು ಕೆಳಗೆ ಕೂತ. ಮೂರನೇ ವಾರ ಒಂದೇ ಮೆಟ್ಟಿಲು ಕೆಳಗೆ! ಅಕ್ಕ ಬಾಗಿಲ ಸಂದಿಯಿಂದ ಲೆಕ್ಕ ಇಡುತ್ತಿದ್ದಳು.

"ನಂಗೆ ಅಡುಗೆ ಮಾಡೋಕೆ ಟೈಮೇ ಇಲ್ಲ," ಒಂದು ದಿನ ಸೂಜಿ ಗೊಣಗಿದಳು. "ರೂಮಿಗೆ ಹೋಗೋ ಹೊತ್ತಿಗೆ ಕಾಲು ಬಿದ್ದು ಹೋಗಿರುತ್ತೆ."

"ದಿನಾ ಮಾಡಿ ಅಂದೋರು ಯಾರು? ಬಾಗಿಲು ತೆಗೆದ ತಕ್ಷಣ, ಚಪ್ಪಲಿ ಬಿಡೋಕೂ ಮುಂಚೆ, ಒಂದು ಹಿಡಿ ಕಾಳು ನೀರಿಗೆ ಹಾಕಿ. ಅಷ್ಟೇ. ಕೂತ್ರೆ ಮುಗೀತು, ಆಮೇಲೆ ಏಳಲ್ಲ. ಬೆಳಗ್ಗೆ ಒಲೆ ಮೇಲಿಟ್ರೆ ನೀವು ಹಲ್ಲುಜ್ಜಿ ಬರೋಷ್ಟರಲ್ಲಿ ಬೆಂದಿರುತ್ತೆ. ಭಾನುವಾರ ಸೊಪ್ಪು ತೊಳೆದು ಒಣಬಟ್ಟೇಲಿ ಸುತ್ತಿಡಿ. ಮೂರು ದಿನ ಬರುತ್ತೆ."

"ಚಪ್ಪಲಿ ಬಿಡೋಕೂ ಮುಂಚೆ?"

"ಹೂಂ. ನಾನೂ ಹಾಗೇ. ಕೈ ಮಾತ್ರ ತೊಳ್ಕೊಂಡಿರ್ತೀನಿ... ಹಾಗೆ ನೋಡ್ಬೇಡಿ!"

ಅವಳು ನಕ್ಕಳು. ಆ ರಾತ್ರಿ ರೂಮಿನ ಬಾಗಿಲಲ್ಲಿ ಚಪ್ಪಲಿ ಸಮೇತ ನಿಂತು ಕಾಳು ನೆನೆಹಾಕುವಾಗ, ಯಾರೂ ಇಲ್ಲದ ರೂಮಿನಲ್ಲಿ ಮತ್ತೆ ನಕ್ಕಳು. 'ಇದೇನಾಗ್ತಿದೆ ನಂಗೆ...'

ಎರಡು ತಿಂಗಳಲ್ಲಿ ಅವಳ ಕೆನ್ನೆಗೆ ಬಣ್ಣ ಬಂತು. ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಕೈ ನಡುಗುವುದು ನಿಂತಿತು.

ಆಮೇಲೆ ಬಂತು ಆ ಶುಕ್ರವಾರ.

ಲ್ಯಾಬಿನವರು ಅವಳ ಪಟ್ಟಿಗೆ ಇನ್ನೂ ನಾಲ್ಕು ಮನೆ ಸೇರಿಸಿದ್ದರು. "ಇವತ್ತು ಕೂರೋಕಾಗಲ್ಲ," ಅಂದವಳೇ ದಡದಡ ಇಳಿದಳು. ಮರುವಾರವೂ ಅದೇ. ಅದರ ಮರುವಾರ ಅವಳ ಕೈ ಮತ್ತೆ ನಡುಗುತ್ತಿತ್ತು. ಅವನು ಅದನ್ನು ನೋಡಿದ. ಹಿಡಿದಿದ್ದ ಎರಡು ತಟ್ಟೆಗಳ ಜೊತೆ ಮೆಟ್ಟಿಲ ಮೇಲೆ ಒಬ್ಬನೇ ನಿಂತ.

ನಾಲ್ಕು ದಿನ ಬಿಟ್ಟು ಸೂಪರ್‌ವೈಸರ್ ಸೂಜಿಯನ್ನು ಕರೆಸಿದರು. ಮೊಬೈಲ್ ಅವಳ ಮೂಗಿನ ಮುಂದೆ ಹಿಡಿದರು.

"ಏನಮ್ಮ ಇದು? ಕಂಪ್ಲೇಂಟ್ ಬಂದಿದೆ."

ಅವಳು ಓದಿದಳು. 'ನಿಮ್ಮ ಹುಡುಗಿ ನಮ್ಮ ಮನೆಯಲ್ಲಿ ರಕ್ತ ತೆಗೆಯಲು ಬಂದಾಗ ತಲೆ ತಿರುಗಿ ಬಿದ್ದಿದ್ದಾರೆ. ಈಗಲೂ ಅವರ ಕೈ ನಡುಗುತ್ತದೆ...' ಕೆಳಗೆ ಮೂರನೇ ಮಹಡಿಯ ಆ ಮನೆಯ ನಂಬರು. ಮುಂದಿನದನ್ನು ಓದುವ ಮೊದಲೇ ಮೊಬೈಲ್ ಹಿಂದಕ್ಕೆ ಹೋಯಿತು.

"ಬಿದ್ದಿದ್ದು ನಿಜಾನಾ?"

"...ಹೌದು ಸರ್."

"ಮುಚ್ಚಿಟ್ಟಿದ್ದೀಯ. ನಾಳೆಯಿಂದ ಹೊರಗೆ ಹೋಗೋದು ಬೇಡ. ಇಲ್ಲೇ ಟ್ಯೂಬಿಗೆ ಚೀಟಿ ಅಂಟಿಸ್ಕೊಂಡು ಕೂತ್ಕೋ. ನಿನ್ನ ಇಟ್ಕೊಳ್ಳೋದೋ ಬೇಡ್ವೋ, ತಿಂಗಳ ಕೊನೆಗೆ ನೋಡೋಣ."

ಆರು ವರ್ಷದ ಕೆಲಸ! ಒಂದೇ ಪತ್ರಕ್ಕೆ!

ಅವಳು ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದಳು. ಬಾಗಿಲು ತೆಗೆದವನ ಮುಖ ಅವಳನ್ನು ನೋಡಿ ಅರಳಿತು. ಅದು ಅವಳನ್ನು ಇನ್ನೂ ಸುಟ್ಟಿತು.

"ನೀವೇ ಬರೆದ್ರಾ?"

"ಹೂಂ. ನಾನೇ. ಏನಂದ್ರು? ಟೈಮ್ ಕೊಟ್ರಾ?"

"ಟೈಮಾ? ತುಂಬಾ ಕೊಟ್ರು. ಇಡೀ ದಿನ ಕೂತಿರೋಷ್ಟು! ನನ್ನ ಹೊರಗಿನ ಕೆಲಸ ಹೋಯ್ತು!"

ಅವನ ಮುಖದ ರಕ್ತ ಇಳಿಯಿತು. "ಅಯ್ಯೋ... ನಾನು ನಿಮಗೋಸ್ಕರ..."

"ನನಗೋಸ್ಕರ? ನನ್ನ ವಿಷಯ ಬರೆಯೋ ಮುಂಚೆ ನನ್ನ ಒಂದು ಮಾತು ಕೇಳಿದ್ರಾ? ನಿಮ್ಮ ಸಿಟ್ಟು ನಿಮಗೆ ದೊಡ್ಡದು. ನನ್ನ ಕೆಲಸ ನನಗೆ ದೊಡ್ಡದು!"

ಅಂದವಳೇ ಬಂದಷ್ಟೇ ವೇಗವಾಗಿ ಮೆಟ್ಟಿಲಿಳಿದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಟ್ಯೂಬು, ಚೀಟಿ. ಚೀಟಿ, ಟ್ಯೂಬು. ಹತ್ತು ದಿನ.

ಸೂಜಿ ಕಾಳು ನೆನೆಹಾಕುವುದನ್ನು ಮಾತ್ರ ಬಿಡಲಿಲ್ಲ. 'ಅವನ ಮೇಲೆ ಕೋಪ. ಕಾಳಿನ ಮೇಲೆ ಏನು?' ಅಂದುಕೊಳ್ಳುತ್ತಿದ್ದಳು. ಡಬ್ಬಿ ತೆರೆದಾಗಲೆಲ್ಲ ಆ ಮೆಟ್ಟಿಲು ನೆನಪಾಗುತ್ತಿದ್ದದ್ದು ಬೇರೆ ಮಾತು.

ಹನ್ನೊಂದನೇ ದಿನ ಲ್ಯಾಬಿನ ಬಾಗಿಲಲ್ಲಿ ಒಂದು ಹೊಟ್ಟೆ ಕಾಣಿಸಿತು. ಅದರ ಹಿಂದೆ ಅಕ್ಕ.

"ನೋಡು ಇಲ್ಲಿ!" ತೋಳು ಚಾಚಿದಳು. ಮೂರು ಕಡೆ ನೀಲಿಗಟ್ಟಿತ್ತು. "ನಿನ್ನ ಬದಲು ಬಂದೋನು ಬೋರ್‌ವೆಲ್ ಕೊರೆದ ಹಾಗೆ ಕೊರೆದ! ನನ್ನ ರಕ್ತ ನೀನೇ ತೆಗೀಬೇಕು. ಇಲ್ಲಾಂದ್ರೆ ನಾನು ಕೊಡಲ್ಲ."

ಸೂಜಿ ನೋವಾಗದಂತೆ ಚುಚ್ಚಿದಳು. ಅಕ್ಕ ಸ್ವರ ತಗ್ಗಿಸಿದಳು.

"ಅವನು ಏನೂ ಹೇಳಿ ಕಳಿಸಿಲ್ಲ. ಕೇಳಿದ್ದಕ್ಕೆ, 'ಅವರನ್ನ ಕೇಳದೆ ಇನ್ನು ಒಂದು ಹೆಜ್ಜೆನೂ ಇಡಲ್ಲ' ಅಂದ. ಇದನ್ನ ತೋರಿಸ್ತಿರೋದು ನಾನು. ಪೂರ್ತಿ ಓದಿದ್ಯಾ?"

ಮೊಬೈಲಿನಲ್ಲಿ ಅದೇ ಪತ್ರ. ಮೇಲಿನ ಎರಡು ಸಾಲಿನ ಕೆಳಗೆ ಇನ್ನೂ ಇತ್ತು...

'ತಪ್ಪು ಅವರದಲ್ಲ. ನಿಮ್ಮದು. ಹಸಿದವರ ರಕ್ತ ತೆಗೆಯಲು ಹಸಿದವರನ್ನೇ ಕಳಿಸುತ್ತೀರಿ. ತಿನ್ನಲು ಹದಿನೈದು ನಿಮಿಷ ಕೊಡಿ. ಅವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಅವರಷ್ಟು ಹಗುರ ಕೈ ನಿಮ್ಮಲ್ಲಿ ಇನ್ನೊಂದಿಲ್ಲ. ನಾನು ಹೆಚ್ಚು ಓದಿದವನಲ್ಲ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಪ್ಪಿಲ್ಲ.'

ಸೂಜಿಯ ಕಣ್ಣು ಮಂಜಾಯಿತು. ಎದೆಯೊಳಗೆ ಹತ್ತು ದಿನದ ಗಂಟು ಸಡಿಲವಾಯಿತು. ಆದರೂ... 'ಕೇಳದೆ ಬರೆದಿದ್ದು ತಪ್ಪೇ. ಇದನ್ನ ಹೇಳಬೇಕಾಗಿದ್ದು ನಾನು. ಆರು ವರ್ಷ ನಾನ್ಯಾಕೆ ಹೇಳಲಿಲ್ಲ?'

ಅವತ್ತು ಸಂಜೆ ಚೀಟಿ ಅಂಟಿಸುವ ಮೇಜಿನ ಮೇಲೆ ಅವಳು ಹಳೇ ಪಟ್ಟಿಗಳನ್ನೆಲ್ಲ ಹರಡಿದಳು. ಯಾರು ಮೊದಲು ಫೋನ್ ಮಾಡಿದರೋ ಅವರ ಮನೆಗೆ ಮೊದಲು. ಇದು ಲ್ಯಾಬಿನ ಪದ್ಧತಿ. ಹಾಗಾಗಿ ಒಂದು ಬೀದಿಗೆ ಬೆಳಗ್ಗೆ ಮೂರು ಸಲ ಸುತ್ತಬೇಕಿತ್ತು! ಅವಳು ಬೀದಿ ಬೀದಿಯಾಗಿ ಮನೆಗಳನ್ನು ಮತ್ತೆ ಜೋಡಿಸಿದಳು.

ಮರುದಿನ ಸೂಪರ್‌ವೈಸರ್ ಮುಂದೆ ಆ ಹಾಳೆ ಇಟ್ಟಳು.

"ಸರ್, ಹೀಗೆ ಹೋದ್ರೆ ಒಬ್ಬೊಬ್ಬರಿಗೂ ಅರ್ಧ ಗಂಟೆ ಉಳಿಯುತ್ತೆ. ಅದರಲ್ಲಿ ಅರ್ಧ ನಿಮಗೆ. ಅರ್ಧ ನಮಗೆ... ಎಂಟು ಗಂಟೆಗೆ ಹದಿನೈದು ನಿಮಿಷ, ಕೂತು ತಿನ್ನೋಕೆ."

"ಆಗಲ್ಲ ಅಂದ್ರೆ?"

ಅವಳು ಹಾಳೆಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದಳು.

"ಬಿದ್ದಿದ್ದು ಮುಚ್ಚಿಟ್ಟಿದ್ದು ನನ್ನ ತಪ್ಪು ಸರ್, ಒಪ್ಕೋತೀನಿ. ಆದ್ರೆ ಆವತ್ತು ಸೂಜಿ ಪೇಷೆಂಟ್ ಕೈ ಒಳಗಿದ್ದಾಗ ಬಿದ್ದಿದ್ರೆ? ನಾಳೆ ಬೇರೆ ಯಾರೋ ಬೀಳ್ತಾರೆ. ಅವರೂ ಮುಚ್ಚಿಡ್ತಾರೆ."

ಸೂಪರ್‌ವೈಸರ್ ಹಾಳೆ ನೋಡಿದರು. ಅವಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಳೆ ನೋಡಿದರು.

"ನನ್ನದೂ ಇವತ್ತು ತಿಂಡಿ ಆಗಿಲ್ಲ ಕಣಮ್ಮ," ಅಂದರು ಮೆಲ್ಲಗೆ. "ಒಂದು ತಿಂಗಳು ಮಾಡಿ ನೋಡೋಣ. ಸೋಮವಾರದಿಂದ ನೀನೂ ಹೊರಡು."

ಸೋಮವಾರ ಬೆಳಗ್ಗೆ ಅಕ್ಕನ ಮನೆಯಲ್ಲಿ ಅವನಿರಲಿಲ್ಲ.

"ಬೇಗ ಹೋದ. ಎರಡು ಬೀದಿ ಆಚೆ, ಆ ಹಳದಿ ಕಟ್ಟಡ. ಅಲ್ಲಿ ಲಿಫ್ಟ್ ಕೆಟ್ಟಿದೆಯಂತೆ," ಅಕ್ಕ ಕಣ್ಣು ಮಿಟುಕಿಸಿದಳು. "ತಿಂಡಿ ಬೇರೆ ತಿಂದಿಲ್ಲ. ಎಲ್ಲರಿಗೂ ಬುದ್ಧಿ ಹೇಳ್ತಾನೆ, ಮಂಗ!"

ಎಂಟಕ್ಕೆ ಸರಿಯಾಗಿ ಹಳದಿ ಕಟ್ಟಡದ ಮುಂದೆ ಸ್ಕೂಟರ್ ನಿಂತಿತು.

ನೆಲಮಾಳಿಗೆಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಅದರ ತಳದ ಗುಂಡಿಯಲ್ಲಿ, ಎದೆಮಟ್ಟ ಇಳಿದು, ಹಣೆಗೆ ದೀಪ ಕಟ್ಟಿಕೊಂಡು ಅವನು ನಿಂತಿದ್ದ. ಹೆಜ್ಜೆ ಸದ್ದಿಗೆ ತಲೆಯೆತ್ತಿದ. ದೀಪದ ಬೆಳಕೆಲ್ಲ ಅವಳ ಮುಖದ ಮೇಲೆ ಬಿತ್ತು.

"ಆ ದೀಪ ಆರಿಸ್ರೀ! ಕಣ್ಣು ಹೋಗುತ್ತೆ."

"ನೀ... ನೀವಾ?"

"ಪೂರ್ತಿ ಓದಿದೆ," ಅಂದಳು ಗುಂಡಿಯ ಅಂಚಿನಲ್ಲಿ ಕೂರುತ್ತಾ.

ಅವನು ತಲೆ ತಗ್ಗಿಸಿದ. "ಏನು ಬರೆದಿದ್ರೂ, ಕೇಳದೆ ಬರೆದಿದ್ದು ತಪ್ಪು. ನೀವು ಬೈದಿದ್ದು ಸರಿಯಾಗಿತ್ತು. ನನಗೆ... ಎರಡು ತಟ್ಟೆ ಹಿಡ್ಕೊಂಡು ಒಬ್ಬನೇ ನಿಂತಿದ್ದು ತಡೆಯೋಕಾಗಲಿಲ್ಲ."

ಅವಳ ಎದೆ ಝಲ್ ಎಂದಿತು. ಬ್ಯಾಗಿನಿಂದ ಡಬ್ಬಿ ತೆಗೆದು ತೆರೆದಳು. ಕಾಳು, ಕ್ಯಾರೆಟ್ಟು, ಮೊಟ್ಟೆ.

"ತಿನ್ನಿ."

"ಕೈ..." ಅವನು ಎರಡೂ ಕೈ ಎತ್ತಿ ತೋರಿಸಿದ. ಮೊಣಕೈವರೆಗೆ ಕಪ್ಪು ಗ್ರೀಸು.

"ಬಾಯಿಗೇನಾಗಿದೆ?"

ಮೊದಲ ತುತ್ತು ಅವನ ಬಾಯಿಗೆ ಹೋಯಿತು. ಅಗಿದ. ನಿಂತ. ಮತ್ತೆ ಅಗಿದ.

"ಹೇಗಿದೆ?"

"ಚೆನ್ನಾಗಿದೆ. ಉಪ್ಪು... ಎರಡು ಸಲ ಹಾಕಿದ್ದೀರ."

"ಬೆಳಗ್ಗೆ ಗಮನ ಬೇರೆ ಕಡೆ ಇತ್ತು!"

"ಎಲ್ಲಿ?"

ಅವಳ ಕಿವಿಯ ತುದಿ ಕೆಂಪಾಯಿತು.

"ಒಂದು ಮಾತು ಕೇಳಲಾ? ಈ ಸಲ ಕೇಳಿಯೇ ಕೇಳ್ತಿದ್ದೀನಿ," ಅವನ ಸ್ವರ ಇಳಿಯಿತು. "ನಂಗೆ ನೀವು ಬೇಕು. ಬೆಳಗ್ಗೆ ಹತ್ತು ನಿಮಿಷಕ್ಕಲ್ಲ. ನನಗೆ ನಿಮ್ಮನ್ನ ಕಂಡ್ರೆ... ಅಂದ್ರೆ, ನಿಮಗೂ ಹಾಗೇ ಅನ್ಸಿದ್ರೆ ಮಾತ್ರ. ಇಲ್ಲಾಂದ್ರೆ ಈ ಗುಂಡೀಲೇ ಇರ್ತೀನಿ, ಮೇಲೆ ಬರಲ್ಲ!"

ಸೂಜಿ ಇನ್ನೊಂದು ತುತ್ತು ಎತ್ತಿದಳು.

"ಮೇಲೆ ಬಾ," ಅಂದಳು.

ಅವನ ಕಣ್ಣು ಅರಳಿತು. "ಏನಂದ್ರಿ? ಬಾ... ಅಂದ್ರಾ?"

"ಅಂದೆ. ಬಾಯಿ ತೆಗಿ ಈಗ. ಇನ್ನೂ ಆರು ನಿಮಿಷ ಇದೆ, ಆಮೇಲೆ ನಂಗೆ ಐದು ಮನೆ."

"ಸಂಜೆ?"

"ಸಂಜೆ ನೀನು ಅಡುಗೆ ಮಾಡು. ನಾನು ಬರ್ತೀನಿ."